ಮೊದಲು ನೀವು ಕುಡೀರಿ

ಹೆಂಡತಿಯ ತೊಡೆಯಲ್ಲಿದ್ದ ಗಂಟು ಕ್ಯಾನ್ಸರ್ ಎಂದು ಖಚಿತವಾದ ದಿನ ಡಾಕ್ಟರು, "ಇದು ಬಹಳ ಅಪರೂಪದ ಬಗೆ" ಎಂದರು. ಅವಳು ನನ್ನ ಕಡೆ ತಿರುಗಿ, "ಮದುವೆಯಾಗಿ ಹದಿನೆಂಟು ವರ್ಷಕ್ಕೆ ಅಪರೂಪದ್ದು ಅಂತ ಒಂದು ಸಿಕ್ತು ಕಣ್ರೀ" ಎಂದಳು. ನಗಬೇಕೋ ಬೇಡವೋ ಎಂದು ಡಾಕ್ಟರಿಗೆ ತಿಳಿಯಲಿಲ್ಲ.

ಆಗ ನಾವು ರಾಜಗೋಪಾಲನಗರದಲ್ಲಿದ್ದೆವು. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಓಡಿಸುತ್ತಿದ್ದೆ. ಅವಳು ಪಕ್ಕದ ರಸ್ತೆಯಲ್ಲಿದ್ದ ವಾಲ್ವ್ ಕಾರ್ಖಾನೆಯಲ್ಲಿ ಮಾಲು ಪರೀಕ್ಷಿಸಿ ಪಾಸು ಮಾಡುವವಳು. ಕೀಮೋ ಶುರು ಮಾಡಲು ಒಂದು ವಾರ ಬಿಟ್ಟು ಬರಹೇಳಿದ್ದರು. ಆ ವಾರ ನಮ್ಮ ಶಿಫ್ಟಿನವರೆಲ್ಲ ವೈದ್ಯರಾದರು. "ಕೀಮೋ ಅಂದ್ರೆ ವಿಷ ಗುರು, ಗೋಧಿಹುಲ್ಲಿನ ರಸ ಕುಡಿಸು" ಎಂದ ಒಬ್ಬ. ಇನ್ನೊಬ್ಬ ಲಕ್ಷ್ಮಣಫಲದ ಎಲೆ ಚೀಲ ತುಂಬ ತಂದುಕೊಟ್ಟ. ಮತ್ತೊಬ್ಬ ನನ್ನನ್ನು ಬೈಕಿನಲ್ಲಿ ಚಿಕ್ಕಬಾಣಾವರದ ನಾಟಿವೈದ್ಯರ ಹತ್ತಿರ ಕರೆದೊಯ್ದ. ಆ ಹಿರಿಯರು ರಿಪೋರ್ಟು ಬಿಚ್ಚಲೂ ಇಲ್ಲ. "ಇಲ್ಲಿಗ್ ಬಂದೋರೆಲ್ಲ ನಡ್ಕಂಡೇ ಓಗವ್ರೆ" ಎಂದು ಒಂದು ಬಾಟಲಿ ಕಪ್ಪು ಕಷಾಯ ಕೊಟ್ಟರು.

ಎಲ್ಲವನ್ನೂ ಅಡುಗೆಮನೆಯ ಕಟ್ಟೆಯ ಮೇಲಿಟ್ಟು, "ಕೀಮೋ ಸ್ವಲ್ಪ ಮುಂದಕ್ಕೆ ಹಾಕೋಣ" ಎಂದೆ.

"ನನ್ನಂಥ ಗಂಟಿದ್ದು ಇದ್ರಿಂದ ವಾಸಿಯಾದೋರು ಒಬ್ರನ್ನ ತೋರಿಸಿ."

"ಎಲ್ರೂ ನಡ್ಕೊಂಡು ಹೋದ್ರಂತೆ."

"ನಾನೂ ನಡೀತಾನೇ ಇದೀನಲ್ರೀ!" ಎಂದು ಬಾಟಲಿ ಮೂಸಿ ಮುಖ ಕಿವಿಚಿದಳು. "ಮೊದಲು ನೀವು ಕುಡೀರಿ. ನಿಮ್ಗೇನೂ ಆಗ್ಲಿಲ್ಲ ಅಂದ್ರೆ ನೋಡೋಣ."

ಗಂಡಸಿನ ಜಂಬ, ಗಟಗಟ ಕುಡಿದುಬಿಟ್ಟೆ. ವಾಂತಿ ಭೇದಿ ಹತ್ತಿ ಎರಡು ದಿನ ಬಚ್ಚಲುಮನೆಯಲ್ಲೇ ನನ್ನ ವಾಸ. ಕೀಮೋ ದಿನ ಅವಳನ್ನು ಆಸ್ಪತ್ರೆಗೆ ಕರೆದೊಯ್ದವನು ವಾರ್ಡಿನ ಬಾಗಿಲಲ್ಲೇ ಕಣ್ಣು ಕತ್ತಲೆ ಬಂದು ಕುಸಿದೆ. ನರ್ಸ್ ಓಡಿಬಂದು, "ಪೇಷಂಟ್ ಇವ್ರೇನಾ ಮೇಡಂ?" ಎಂದರು.

"ಅಲ್ಲ, ಇವ್ರು ಜೊತೆಗೆ ಬಂದೋರು" ಎಂದಳು.

ಅವಳಿಗೆ ಕೀಮೋ, ಪಕ್ಕದ ಹಾಸಿಗೆಯಲ್ಲಿ ನನಗೆ ಗ್ಲೂಕೋಸ್. ಮಲಗಿದ್ದಲ್ಲೇ ಹೇಳಿದೆ: "ಭಯ ಆಗಿತ್ತು ಕಣೇ. ಈ ಕೀಮೋ ನಿನ್ನನ್ನ ಏನು ಮಾಡುತ್ತೋ ಅಂತ."

"ನನಗೂ ಭಯಾನೇ. ಆದ್ರೆ ಏನೇನು ತೊಂದ್ರೆ ಆಗುತ್ತೆ ಅಂತ ಡಾಕ್ಟ್ರು ಮೊದ್ಲೇ ಹೇಳಿದ್ರು. ನಿಮ್ಮ ಕಷಾಯದೋರು ಹೇಳಿದ್ರಾ?"

ನಾನು ಗ್ಲೂಕೋಸ್ ಹನಿ ಎಣಿಸತೊಡಗಿದೆ.

ಡಾಕ್ಟರು ಹೇಳಿದ್ದೆಲ್ಲ ಆಯಿತು. ಕೂದಲು ಉದುರಿತು, ಬಾಯಿ ಹುಣ್ಣಾಯಿತು, ಅನ್ನ ಕಂಡರೆ ವಾಕರಿಕೆ. ಒಂದೆರಡು ಸಲ ಅವಳೂ ಅತ್ತಳು. ಆಗ ತಮಾಷೆ ಮಾಡುವ ಸರದಿ ನನ್ನದಾಗಿತ್ತು, ನನಗದು ಬರುತ್ತಿರಲಿಲ್ಲ. ಸುಮ್ಮನೆ ಕಾಲು ಒತ್ತುತ್ತಾ ಕೂರುತ್ತಿದ್ದೆ. ಗಂಟು ಸಣ್ಣದಾದ ಮೇಲೆ ಆಪರೇಷನ್ ಮಾಡಿದರು. ವರ್ಷ ತುಂಬುವಷ್ಟರಲ್ಲಿ ಸ್ವಲ್ಪ ಕುಂಟುತ್ತಲೇ ಕೆಲಸಕ್ಕೆ ಮರಳಿದಳು.

ಈಗಲೂ ತಪಾಸಣೆಯ ದಿನ ಬೆಳಿಗ್ಗೆ ನನಗೆ ತಿಂಡಿ ಸೇರುವುದಿಲ್ಲ. ಅವಳು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತನ್ನ ಇಡ್ಲಿ ವಡೆ ಮುಗಿಸಿ, ನನ್ನ ತಟ್ಟೆಯನ್ನೂ ಹತ್ತಿರ ಎಳೆದುಕೊಳ್ಳುತ್ತಾಳೆ.