ಆರಕ್ಕೆ ಒಂದು

ಮದುವೆಮನೆಯಲ್ಲಿ ಹೆಸರು ಕೇಳುವ ಮೊದಲು ಮಾರ್ಕ್ಸ್ ಕೇಳುವ ಜನ ನಮ್ಮವರು. ಅಂಥ ಧಾರವಾಡದವಳು ನಾನು, ಕಂಪ್ಯೂಟರಿನವರಿಗೆಂದು ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಅಲ್ಲಿಗೆ ಹೋಗಿ ಮ್ಯಾನ್‌ಹೈಮಿನ ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿ ಸೇರಿದೆ. ಪುಟ್ಟದು ಎಂದರೆ ಬಾಸ್, ಲೆಕ್ಕಪತ್ರ ನೋಡುವ ಅವರ ಹೆಂಡತಿ, ನಾನು, ಅಷ್ಟೇ. ಬೇಕರಿಗಳ ಆರ್ಡರ್ ನೋಡಿಕೊಳ್ಳುವ ಸಾಫ್ಟ್‌ವೇರ್ ನಮ್ಮದು. ಬಾಸ್ ಊರೂರು ತಿರುಗಿ, ಕಾಫಿ ಕುಡಿದು, ಹರಟೆ ಹೊಡೆದು ಅದನ್ನು ಮಾರುತ್ತಿದ್ದರು. ಪ್ರೋಗ್ರಾಂ ಬರೆಯುವುದು, ಮಾರಿದ ಮೇಲೆ ಬರುವ ಫೋನುಗಳು, ಎಲ್ಲ ನನ್ನ ತಲೆಗೆ.

ನನ್ನದಿನ್ನೂ ಪ್ರೋಬೆತ್ಸೈಟ್, ಅಂದರೆ ಪರೀಕ್ಷೆಯ ಅವಧಿ, ಮುಗಿದಿರಲಿಲ್ಲ. ಬಾಸ್ ಬೇಡ ಎಂದರೆ ಗಂಟುಮೂಟೆ ಕಟ್ಟಿ ಊರಿಗೆ ಹೊರಡಬೇಕು. ಅತ್ತ ಧಾರವಾಡದಲ್ಲಿ ಕಾಲೇಜು ಮೇಷ್ಟ್ರಾದ ನನ್ನ ಗಂಡ, ಕೆಲಸ ಬಿಟ್ಟು ನನ್ನ ಹತ್ತಿರ ಬರಲು ಕಾದು ಕೂತಿದ್ದರು. ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ.

"ರಾಜೀನಾಮೆ ಕೊಡ್ಲ್ಯಾ, ಬ್ಯಾಡಾ?"

"ಸ್ವಲ್ಪ ತಡೀರಿ. ಇವ್ರು ಹೂಂ ಅನ್ನೂದಿಲ್ಲ, ಊಹೂಂ ಅನ್ನೂದಿಲ್ಲ."

ನಿಜ. ನಮ್ಮ ಬಾಸ್ ನನ್ನ ಕೆಲಸದ ಬಗ್ಗೆ ಒಂದು ದಿನವೂ ತುಟಿ ಬಿಚ್ಚಿದವರಲ್ಲ. ಬೈದಿದ್ದರೂ ಸಮಾಧಾನವಾಗುತ್ತಿತ್ತು.

ಆ ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರೂ ಇಟಲಿಗೆ ರಜೆ ಹೊರಟರು. ಹೋಗುವ ಮುನ್ನ ಬಾಸ್ ಎಲ್ಲ ಗಿರಾಕಿಗಳಿಗೂ ಒಂದೊಂದು ಕಾರ್ಡ್ ಕಳಿಸಿದ್ದರು. ನಮ್ಮ ಮಾರಾಟ ಹೇಗಿದೆ, ಸಪೋರ್ಟ್, ಅಂದರೆ ನನ್ನ ಕೆಲಸ, ಹೇಗಿದೆ, ಒಂದರಿಂದ ಆರರೊಳಗೆ ಅಂಕ ಕೊಡಿ ಎಂದು. "ಕಾರ್ಡ್ ಬಂದರೆ ತೆಗೆದಿಡಿ, ಬಂದು ನೋಡುತ್ತೇನೆ" ಎಂದು ಹೇಳಿ ಕಾರು ಹತ್ತಿದರು.

ಕಾರ್ಡುಗಳು ಬಂದವು. ಮೊದಲನೆಯದರಲ್ಲಿ ಸಪೋರ್ಟಿಗೆ ಒಂದು. ಎರಡನೆಯದರಲ್ಲೂ ಒಂದು. ಅಯ್ಯೋ ದೇವರೇ, ಆರಕ್ಕೆ ಒಂದು! ಯಾರೋ ಪುಣ್ಯಾತ್ಮರು ಎರಡು ಕೊಟ್ಟಿದ್ದರು. ಮಾರಾಟಕ್ಕೂ ಒಂದೇ ಬಿದ್ದಿತ್ತು ಅನ್ನಿ, ಆದರೆ ಬಾಸನ್ನು ಯಾರು ಮನೆಗೆ ಕಳಿಸುತ್ತಾರೆ? ಒಬ್ಬ ಮುದುಕ ಬೇಕರಿಯವನು ಮಾತ್ರ ಐದು ಕೊಟ್ಟಿದ್ದ. ಫೋನಿನಲ್ಲಿ ಸದಾ ಸಿಡುಕುತ್ತಿದ್ದ ಮನುಷ್ಯ, ಹೊಟ್ಟೆಯೊಳಗೆ ಇಷ್ಟು ಪ್ರೀತಿ ಇಟ್ಟುಕೊಂಡಿದ್ದನಲ್ಲ! ಕಣ್ಣು ತುಂಬಿ ಬಂತು. ತಕ್ಷಣ ಫೋನ್ ಮಾಡಿ ಬಾಯಿತುಂಬ ಥ್ಯಾಂಕ್ಸ್ ಹೇಳಿದೆ. ಆತ ಫೋನ್ ಕುಕ್ಕಿದ. ನಾನು ಆ ಕಾರ್ಡನ್ನು ಗೋಡೆಗೆ ಅಂಟಿಸಿದೆ.

ಉಳಿದವರನ್ನು ಏನು ಮಾಡುವುದು? ಒಬ್ಬೊಬ್ಬರಿಗೂ ಫೋನ್ ಹಚ್ಚಿದೆ. ಮಾರ್ಕ್ಸ್ ಎತ್ತಿ ಆಡುವುದು ಮರ್ಯಾದೆಯಲ್ಲ ಎಂದು ಅದರ ಸುದ್ದಿಗೇ ಹೋಗಲಿಲ್ಲ. ನನ್ನ ಹರಕುಮುರುಕು ಜರ್ಮನ್‌ನಲ್ಲಿ, "ನಮ್ಮ ತಪ್ಪೇನು ಹೇಳಿ, ತಿದ್ದಿಕೊಳ್ಳುತ್ತೇನೆ" ಎಂದು ಗೋಗರೆದೆ. ಎಲ್ಲರಿಗೂ ಮೊದಲು ಆಶ್ಚರ್ಯ. ಏನೂ ಇಲ್ಲ, ಎಲ್ಲ ಚೆನ್ನಾಗಿದೆ ಎಂದರು. ನಾನು ಬಿಡಬೇಕಲ್ಲ!

ನಮ್ಮ ದೊಡ್ಡ ಗಿರಾಕಿ ಒಬ್ಬ ಹೆಂಗಸು, ನಾಲ್ಕಾರು ಬೇಕರಿಗಳ ಒಡತಿ. ಬಹಳ ಪೀಡಿಸಿದ ಮೇಲೆ ಆಕೆ ನಿಟ್ಟುಸಿರು ಬಿಟ್ಟು ಶುರು ಮಾಡಿದಳು. ಆರ್ಡರ್ ಚೀಟಿಯ ಅಕ್ಷರ ಇರುವೆಯಷ್ಟು ಸಣ್ಣ, ಕನ್ನಡಕಕ್ಕೆ ಹಿಟ್ಟು ಮೆತ್ತಿಕೊಂಡು ಒಲೆಯ ಮುಂದೆ ನಿಂತವನಿಗೆ ಕಾಣುವುದೇ ಇಲ್ಲ. ಗಿರಾಕಿ ಆರ್ಡರ್ ಬದಲಿಸಿದರೆ ಮೊದಲಿಂದ ಬರೆಯಬೇಕು. ಇನ್ನೂ ಏನೇನೋ. ಎಲ್ಲ ಬರೆದುಕೊಂಡೆ. ಬಾಸ್ ಬರುವಷ್ಟರಲ್ಲಿ ಬಾಯಿ ಮುಚ್ಚಿಕೊಂಡು ಒಂದೊಂದಾಗಿ ಸರಿಮಾಡಿ ಎಲ್ಲ ಬೇಕರಿಗಳಿಗೂ ಕಳಿಸಿದೆ.

ಬಾಸ್ ಬಿಸಿಲಿಗೆ ಕೆಂಪಗಾಗಿ ವಾಪಸಾದರು. ಗೋಡೆ ನೋಡಿ, "ಈ ಐದನ್ನು ಯಾಕೆ ಅಂಟಿಸಿದ್ದೀರಿ?" ಎಂದರು.

"ಇಡೀ ಊರಿನಲ್ಲಿ ಇವರೊಬ್ಬರೇ ಒಳ್ಳೆಯವರು" ಎಂದೆ.

ಆಗ ಗೊತ್ತಾಯಿತು. ಜರ್ಮನಿಯ ಶಾಲೆಗಳಲ್ಲಿ ಒಂದು ಎಂದರೆ ಎಲ್ಲಕ್ಕಿಂತ ಉತ್ತಮ, ಐದು ಎಂದರೆ ಫೇಲು. ಗಂಡ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಒಂದು ಮಾತು ಹೇಳಿ ಹೋಗಲು ಇವರಿಗೇನು ಧಾಡಿಯಾಗಿತ್ತು? ನಿದ್ದೆಗೆಟ್ಟು ಹಣ್ಣಾದವಳು ನಾನು!

ನಗು ಮುಗಿಯುವ ಮೊದಲೇ ಬೇಕರಿ ಒಡತಿಯ ಫೋನ್ ಬಂತು. ಬಾಸ್ ಎತ್ತಿಕೊಂಡರು. ಕೇಳುತ್ತ ಕೇಳುತ್ತ ಅವರ ಮುಖ ಸಣ್ಣಗಾಯಿತು. ಫೋನಿಟ್ಟು ಕುರ್ಚಿಯಲ್ಲಿ ಕುಸಿದರು.

"ಬೇರೆ ಕಂಪನಿಯ ಸಾಫ್ಟ್‌ವೇರ್ ಕೊಳ್ಳಲು ಅವಳು ನಿಶ್ಚಯ ಮಾಡಿಬಿಟ್ಟಿದ್ದಳಂತೆ. ನೀವು ಫೋನ್ ಮಾಡಿ, ಹೇಳಿದ್ದನ್ನೆಲ್ಲ ಸರಿಮಾಡಿದ್ದಕ್ಕೆ ಉಳಿದಳಂತೆ."

"ಮತ್ತೆ ಒಂದು ಯಾಕೆ ಕೊಟ್ಟರು?"

"ಹಳೆಯ ಸ್ನೇಹ. ಹೋಗುವಾಗ ಮನಸ್ಸು ನೋಯಿಸುವುದು ಯಾಕೆ ಎಂದು." ಮೆಲ್ಲಗೆ ಹೇಳಿದರು, "ಹೋದ ವರ್ಷ ನಮ್ಮನ್ನು ಬಿಟ್ಟುಹೋದ ಗಿರಾಕಿಗಳೂ ಒಂದೇ ಕೊಟ್ಟಿದ್ದರು."

ಪಾಪ ಅನ್ನಿಸಿತು. ಆದರೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ ಎಂದು ಧೈರ್ಯ ಮಾಡಿದೆ. "ನನಗೆ ಎಷ್ಟು ಕೊಡುತ್ತೀರಿ?"

ಬಾಸ್ ನನ್ನನ್ನು ನೋಡಿದರು. ಗೋಡೆಯ ಕಾರ್ಡ್ ನೋಡಿದರು.

"ಮೂರು" ಎಂದರು. "ಕೂತುಕೊಳ್ಳಿ, ಯಾಕೆ ಅಂತ ಹೇಳುತ್ತೇನೆ."

ಮಧ್ಯಾಹ್ನವೆಲ್ಲ ಹೇಳಿದರು ಮಹಾರಾಯರು. ಫೋನಿನಲ್ಲಿ ಅವಸರ, ಪ್ರೋಗ್ರಾಂ ಬರೆದದ್ದನ್ನು ವಿವರಿಸಿ ಇಡುವುದಿಲ್ಲ, ಹೇಳದೆ ಕೇಳದೆ ಎಲ್ಲ ಬದಲಿಸುತ್ತೀರಿ. ಮುಂದಿನ ವರ್ಷದೊಳಗೆ ತಿದ್ದಿಕೊಳ್ಳಬೇಕು ಎಂದರು. ಮುಂದಿನ ವರ್ಷ ಎಂದದ್ದು ಕಿವಿಗೆ ಬಿದ್ದ ಮೇಲೆ ಉಳಿದ ಬೈಗುಳವೆಲ್ಲ ನನಗೆ ಹಾಲು ಕುಡಿದಷ್ಟು ಹಿತವಾಯಿತು.

ಸಂಜೆ ಗಂಡನಿಗೆ ಫೋನ್ ಮಾಡಿದೆ. "ರಾಜೀನಾಮೆ ಕೊಟ್ಟುಬಿಡ್ರಿ."

ಕತೆಯೆಲ್ಲ ಕೇಳಿ ಅವರು ಮೊದಲು ವಿಚಾರಿಸಿದ್ದು ನನ್ನ ಮಾರ್ಕ್ಸನ್ನೇ. "ಮೂರು" ಎಂದೆ.

"ಮೂರಽ? ಇನ್ನೊಂದೀಟು ಚಲೋ ಕೊಡಬಾರದಾಗಿತ್ತ?"

"ಏ, ಸುಮ್ನಿರ್ರಿ. ಒಂದು ಕೊಟ್ಟಿದ್ರ ನಾ ಹೊಳ್ಳಿ ಬರಬೇಕಾಗ್ತಿತ್ತು."