ಅಯೋವಾದಲ್ಲಿ ಹೇಳಿಬಂದ ಮಾತು

ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ನಾನು ಎತ್ತುವುದಿಲ್ಲ. ಎರಡು ಸಾವಿರದ ಇಪ್ಪತ್ತೊಂದರ ಬೇಸಿಗೆಯಲ್ಲಂತೂ ಲಾಸ್ ಏಂಜಲೀಸ್ ಹತ್ತಿರದ ಡೈಮಂಡ್ ಬಾರ್ ಎಂಬ ಊರಿನ ನಮ್ಮ ಮನೆಗೆ ದಿನವಿಡೀ ಅಂಥವೇ ಕರೆಗಳು. ನಿಮ್ಮ ಕಾರಿನ ವಾರಂಟಿ ಮುಗಿದಿದೆ, ಸೋಲಾರ್ ಹಾಕಿಸಿ, ಮನೆ ಮಾರುತ್ತೀರಾ. ಹಾಗಾಗಿ ಒಬ್ಬ ಹೆಂಗಸು ವಾಯ್ಸ್‌ಮೇಲ್‌ನಲ್ಲಿ ಅಯೋವಾದ ನಮ್ಮ ಹಳೆಯ ಊರಿನ ಹೆಸರು ಹೇಳಿ, ತಾನು ಪಕ್ಕದ ಮನೆಯವರ ಮಗಳು, ಊರಿನ ಚರಿತ್ರೆಯ ಪುಸ್ತಕ ಬರೆಯುತ್ತಿದ್ದೇನೆ, ನಿಮ್ಮ ತಾಯಿಯ ಜೊತೆ ಮಾತಾಡಬೇಕು ಎಂದಾಗ, ಇದೊಂದು ಹೊಸ ವರಸೆ ಎಂದುಕೊಂಡೆ. ವಯಸ್ಸಾದವರನ್ನು ಬಲೆಗೆ ಹಾಕುವವರಿಗೆ ಊರಿನ ಹೆಸರು ಹುಡುಕುವುದು ಎಷ್ಟರ ಕೆಲಸ?

ನಂಬರ್ ಕೊಟ್ಟವನು ಸ್ಯಾನ್ ಡಿಯಾಗೋದಲ್ಲಿರುವ ನನ್ನ ತಮ್ಮ ಎಂದು ಆಮೇಲೆ ಗೊತ್ತಾಯಿತು. ಕೇಳಿದವರಿಗೆಲ್ಲ ಎತ್ತಿ ಕೊಡುವ ಕೊಡುಗೈ ದಾನಿ ಅವನು. ನಾನು ಬೈದರೆ, "ಅಕ್ಕಾ, ನೀ ಯಾರನ್ನರ ನಂಬ್ತಿ ಏನ?" ಎಂದು ನಕ್ಕ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೇಳಿ ಫೋನ್ ಇಟ್ಟೆ.

ನನ್ನ ಅನುಮಾನ ಗಾಳಿಯಿಂದ ಹುಟ್ಟಿದ್ದಲ್ಲ. ಹುಬ್ಬಳ್ಳಿಯಲ್ಲಿ ಏಳನೆಯ ಕ್ಲಾಸ್ ಮುಗಿಸಿ ನಾನು ಆ ಊರಿಗೆ ಹೋದವಳು. ರೈಲು ಬಂದದ್ದರಿಂದ ಹುಟ್ಟಿದ ಊರದು. ಜರ್ಮನಿಯಿಂದ ಬಂದ ರೈತರು, ಎತ್ತ ನೋಡಿದರೂ ಮೆಕ್ಕೆಜೋಳ, ಒಂದೇ ಒಂದು ದೊಡ್ಡ ಬೀದಿ. ಆಮೇಲೆ ಟ್ರ್ಯಾಕ್ಟರ್ ಬಿಡಿಭಾಗ ಮಾಡುವ ಕಾರ್ಖಾನೆ ಬಂತು, ಅದರಲ್ಲಿ ಅಪ್ಪ ಎಂಜಿನಿಯರ್, ನಮ್ಮ ಮನೆಯೂ ಕಾರ್ಖಾನೆಯದೇ. ಅಂಗಡಿಯಲ್ಲಿ ಜನ ನಮ್ಮನ್ನು ಬಾಯಿಬಿಟ್ಟು ನೋಡುತ್ತಿದ್ದರು. ಪಕ್ಕದ ಮನೆಯಾಕೆ ಮಾತ್ರ ದಿನಾ ಸಂಜೆ ನಮ್ಮ ಮೆಟ್ಟಿಲ ಮೇಲೆ ಬಂದು ಅವ್ವನ ಪಕ್ಕ ಕೂತುಕೊಳ್ಳುತ್ತಿದ್ದರು. ಅವ್ವನ ಇಂಗ್ಲಿಷ್ ಅಲ್ಲೇ ಹುಟ್ಟಿ ಅಲ್ಲೇ ನಿಂತಿತು.

ಕಾರ್ಖಾನೆ ಮುಚ್ಚಿತು, ಅಪ್ಪನಿಗೆ ಲಾಸ್ ಏಂಜಲೀಸ್‌ನಲ್ಲಿ ಕೆಲಸ ಸಿಕ್ಕಿತು. ನಾವು ಹೊರಟ ಮಧ್ಯಾಹ್ನ ಆ ಹೆಂಗಸು ಕಾರಿನ ತನಕವೂ ಬರಲಿಲ್ಲ. ಅವ್ವ ಹಿಂದಿನ ಬಾಗಿಲಿಗೆ ಹೋಗಿ ಹೇಳಿ ಬಂದರೆ, ಆಕೆ ಅಡುಗೆಮನೆಯ ಕಿಟಕಿಯಿಂದಲೇ ಹಿಟ್ಟಿನ ಕೈ ಬೀಸಿದರು, ಅಷ್ಟೆ. ಅವ್ವ ಬೀದಿಯ ತಿರುವಿನವರೆಗೂ ಹಿಂದಿರುಗಿ ನೋಡಿದಳು. ಮುಂದೆ ಅವಳು ಫೋನ್ ಮಾಡಲಿಲ್ಲ, ಅವರೂ ಮಾಡಲಿಲ್ಲ. ನಮ್ಮ ಪೀಡೆ ತೊಲಗಲಿ ಎಂದು ಕಾದಿದ್ದವರು ಎಂದು ನಾನು ಅಂದೇ ತೀರ್ಮಾನಿಸಿದ್ದೆ. ಇಲ್ಲಿ ನಮ್ಮವರು ಎಷ್ಟೋ ಜನ ಇದ್ದಾರೆ. ಆದರೂ ಅವ್ವ ಮತ್ತೆ ಯಾರನ್ನೂ ಅಷ್ಟು ಹಚ್ಚಿಕೊಳ್ಳಲಿಲ್ಲ.

ಕೊನೆಗೆ ಆ ಮಗಳಿಗೆ ನಾನೇ ಫೋನ್ ಮಾಡಿದೆ, ಇನ್ನು ಮೇಲೆ ಕರೆ ಮಾಡಬೇಡಿ ಎಂದು ಹೇಳುವುದಕ್ಕೆ. ಮೊದಲು ಅವಳನ್ನು ಪರೀಕ್ಷೆ ಮಾಡಿದೆ. ನಮ್ಮ ಬಾಗಿಲು ಯಾವ ಬಣ್ಣ, ನಿಮ್ಮ ನಾಯಿ ಎಂಥದು. ಎಲ್ಲಕ್ಕೂ ಸರಿಯಾಗಿ ಉತ್ತರಿಸಿದಳು. ಪುಸ್ತಕದಲ್ಲಿ ನಮ್ಮ ಬಗ್ಗೆ ಏನಿದೆ ಎಂದು ಕೇಳಿದೆ. ತಡೆದು ತಡೆದು ಓದಿದಳು. ಕಾರ್ಖಾನೆಯ ಭಾರತೀಯ ಎಂಜಿನಿಯರರ ಕುಟುಂಬ, ಊರು ಬಿಡುವ ದಿನ ಮತ್ತೆ ಬರುತ್ತೇವೆಂದು ಹೇಳಿ ಹೋಗಿ, ಬೀಳ್ಕೊಳ್ಳಲೂ ಬರಲಿಲ್ಲ.

ಮೈ ಉರಿದುಹೋಯಿತು. ರೈಲಿಗೆ, ಚರ್ಚಿಗೆ ಪುಟಗಟ್ಟಲೆ. ನಮಗೆ ಸಿಕ್ಕಿದ್ದು ಒಂದು ಸಾಲು, ಅದೂ ದೂರು! ಸುಳ್ಳು ಬರೆಯಬೇಡಿ ಎಂದೆ. ಅವಳು ಮೆತ್ತಗೆ ಹೇಳಿದಳು: ಇದು ಅಮ್ಮನ ಬಾಯಿಂದ ಕೇಳಿದ್ದು, ಅಮ್ಮ ಈಗ ವೃದ್ಧಾಶ್ರಮದಲ್ಲಿದ್ದಾಳೆ, ಇನ್ನು ಹೆಚ್ಚು ದಿನವಿಲ್ಲ ಅನ್ನುತ್ತಾರೆ, ಯಾಕೆ ಬರಲಿಲ್ಲ ಎಂದು ನಿಮ್ಮ ತಾಯಿಯನ್ನು ಒಂದು ಸಲ ಕೇಳಬೇಕಂತೆ.

ಕೇಳಿ ಏನಾಗಬೇಕಾಗಿದೆ? ಎಂಬತ್ತು ದಾಟಿದ ಅವ್ವನನ್ನು ಕಟಕಟೆಯಲ್ಲಿ ನಿಲ್ಲಿಸುವುದು ನನಗೆ ಬೇಕಿರಲಿಲ್ಲ. ಆದರೂ ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ, ಅವಳು ರೊಟ್ಟಿ ಬಡಿಯುತ್ತಿರುವಾಗ ಕೇಳಿಯೇಬಿಟ್ಟೆ, ತಿರುಗಿ ಬರುತ್ತೇವೆಂದು ಅವತ್ತು ಹೇಳಿದ್ದೆಯಾ ಎಂದು.

ಅವ್ವ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಹೊಂಟ ನಿಂತಾಗ ಏನಂತಾರ? ಹೋಗಿ ಬರ್ತೇವಿ ಅಂದೆ. ಬರೇ ಹೋಗ್ತೇವಿ ಅನ್ನಬಾರದಲ್ಲ."

ಇಂಗ್ಲಿಷಿನಲ್ಲಿ ಏನಂದೆ ಎಂದೆ.

"ವಿ ಗೋ ಅಂಡ್ ಕಮ್."

ನಗು ಬಂತು, ಅರ್ಧದಲ್ಲೇ ನಿಂತೂ ಹೋಯಿತು. ಮನೆಯ ಬೀಗದ ಕೈಯನ್ನು ಕಾರ್ಖಾನೆಗೆ ಕೊಟ್ಟು ತಿರುಗಿ ಬರುತ್ತಾರೆ ಎಂದುಕೊಂಡಿದ್ದಾರೆ ಆಕೆ. ಅದಕ್ಕೇ ಹಿಟ್ಟಿನ ಕೈ ತೊಳೆಯದೆ, ಕಿಟಕಿಯಿಂದಲೇ ಕೈ ಬೀಸಿದ್ದು.

ಭಾನುವಾರ ವಿಡಿಯೋ ಕಾಲ್ ಹಚ್ಚಿದೆವು. ನಾನು ಪೊಲೀಸರ ಹಾಗೆ ಪಕ್ಕದಲ್ಲೇ ಕೂತೆ. ಎಲ್ಲಿ ಏನು ಅಂದುಬಿಡುತ್ತಾರೋ ಎಂಬ ಗುಮಾನಿ ಇನ್ನೂ ಹೋಗಿರಲಿಲ್ಲ. ಪರದೆಯಲ್ಲಿ ಒಂದು ಬಿಳಿಯ, ಬತ್ತಿದ ಮುಖ. ನಮ್ಮ ಕಡೆ ಹೊರಡುವಾಗ ಹೇಳುವ ಮಾತನ್ನು ನಾನು ಬಿಡಿಸಿ ಹೇಳಿದೆ, ಮಗಳು ಆಕೆಯ ಕಿವಿಯಲ್ಲಿ ಅದನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದಳು. ಆಮೇಲೆ ಆಕೆ ಹೇಳಿದ ಮಾತು ನಾನು ಎಣಿಸಿದ್ದಲ್ಲ.

ಅವ್ವ ಆ ಮನೆಯಲ್ಲಿ ಬಾಳೆಹಣ್ಣು ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ, ಮಾಂಸ ಬೇಯಿಸಿದ ಪಾತ್ರೆ ಎಂದು. ಏನಾದರೊಂದು ನೆವ ಹೇಳುತ್ತಿದ್ದಳು. ಆಕೆಗೆ ಅದು ಗೊತ್ತಿತ್ತಂತೆ. ಅವತ್ತಿನ ರಾತ್ರಿಯೂಟಕ್ಕೆಂದೇ ಹೊಸ ಪಾತ್ರೆ ತಂದು, ಬೀನ್ಸ್ ಬೇಯಿಸಿ, ಹಿಟ್ಟು ನಾದಿ ಬ್ರೆಡ್ ಮಾಡಿ, ನಮಗೆಲ್ಲ ತಟ್ಟೆ ಹಾಕಿ ಕಾದರಂತೆ. ಕತ್ತಲಾದರೂ ನಾವು ಬರಲಿಲ್ಲ. ನನ್ನ ಪಾತ್ರೆಯನ್ನು ನಂಬದೆಯೇ ನೀನು ಬರಲಿಲ್ಲವೇನೋ ಎಂದುಕೊಂಡೆ, ಇಷ್ಟು ವರ್ಷವೂ ಹಾಗೇ ಅಂದುಕೊಂಡಿದ್ದೆ ಎಂದರು.

ಅವ್ವನಿಗೆ ಒಂದು ಇಂಗ್ಲಿಷ್ ಶಬ್ದವೂ ನೆನಪಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನ ಕಡೆ ತಿರುಗಿದಳು.

"ಹೊಸಾ ಪಾತೇಲಿ ತಂದು ಅಡಿಗಿ ಮಾಡ್ಯಾಳ. ನಾ ಉಣ್ಣಲಾರದ ಬಂದ್ಬಿಟ್ಟೆ."

ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೋ ನನಗೂ ತಿಳಿಯಲಿಲ್ಲ. ಅಲ್ಲಿ ಆ ಮುದುಕಿ ಪರದೆಗೆ ಕಿವಿ ಕೊಟ್ಟು, ಏನಂದಳು, ಬರುತ್ತಾಳಂತಾ ಎಂದು ಮಗಳನ್ನು ಕೇಳುತ್ತಿದ್ದರು.