ಕೊಡ ಬಂತು, ಅವ್ವ ಬರಲಿಲ್ಲ

ಈಗಿನವರಿಗೆ ಸಿನಿಮಾಕ್ಕಿಂತ ಸಿನಿಮಾದ ಹಿಂದಿನ ಸುದ್ದಿಯೇ ರುಚಿ. ಯಾವ ದೃಶ್ಯ ಕತ್ತರಿಸಿದರು, ಯಾಕೆ ಕತ್ತರಿಸಿದರು, ಯಾರಿಗೆ ಯಾರ ಮೇಲೆ ಸಿಟ್ಟಿತ್ತು. ನಾನು ಒಂದು ಕಾಲಕ್ಕೆ ಟಾಕೀಸಿನಲ್ಲಿ ಸಿನಿಮಾ ಓಡಿಸುವ ಆಪರೇಟರ್ ಆಗಿದ್ದೆ ಎಂದು ಗೊತ್ತಾದರೆ ಸಾಕು, ಮದುವೆ ಊಟದ ಪಂಕ್ತಿಯಲ್ಲೂ ಬಿಡುವುದಿಲ್ಲ. ನಿರ್ದೇಶಕ ಕತ್ತರಿಸಿದ, ಸೆನ್ಸಾರಿನವರು ಕತ್ತರಿಸಿದರು ಎಂದು ಅವರೇ ಹೇಳಿಕೊಂಡು ಅವರೇ ತಲೆ ಆಡಿಸುತ್ತಾರೆ. ಮೂರನೆಯ ಕತ್ತರಿಯೊಂದಿತ್ತು, ಅದು ನನ್ನ ಕೈಯಲ್ಲಿತ್ತು ಎಂದು ನಾನು ಹೇಳುವುದಿಲ್ಲ. ಅನ್ನ ಸಾರು ಕಲಸಿ ಸುಮ್ಮನೆ ಉಣ್ಣುತ್ತೇನೆ.

ರಾಯಚೂರಿನ ಟಾಕೀಸೊಂದರಲ್ಲಿ ಕೆಲಸ ಕಲಿತು, ಮಾನ್ವಿಯ ಟೂರಿಂಗ್ ಟಾಕೀಸಿಗೆ ಆಪರೇಟರ್ ಆಗಿ ಬಂದಿದ್ದೆ. ಟೆಂಟಿನ ಸಿನಿಮಾ, ಕತ್ತಲಾಗದೆ ಪರದೆ ಕಾಣದು. ಕವಿತಾಳದ ಕೊನೆಯ ಬಸ್ಸೋ ರಾತ್ರಿ ಒಂಬತ್ತಕ್ಕೇ ಹೊರಡುತ್ತಿತ್ತು. ಎರಡೂಮುಕ್ಕಾಲು ತಾಸಿನ ಸಿನಿಮಾ ಈ ನಡುವೆ ಹಿಡಿಸುವುದು ಹೇಗೆ? ಮಾಲೀಕರು ರೀಲಿನ ಡಬ್ಬಿ ನನ್ನ ಮುಂದಿಟ್ಟು, "ಏನ್ ಮಾಡ್ತೀಯೋ ಮಾಡು ಭಾಯಿ, ಕವಿತಾಳದವ್ರಿಗೆ ಬಸ್ ಸಿಗಬೇಕು. ಸೀಟಿ ಬೀಳೋ ಜಾಗ ಮಾತ್ರ ಮುಟ್ಟಬ್ಯಾಡ" ಎನ್ನುತ್ತಿದ್ದರು.

ಹಾಡು, ಹೊಡೆದಾಟ, ನಗೆಯಾಟ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಹೆಸರಿಲ್ಲದವರು ಅಳುವುದು, ನಡೆಯುವುದು, ಮಾತಾಡುವುದು ಇದ್ದರೆ ಅದು ನನ್ನ ಪಾಲು. ಒಂದು ತುಂಡಿನ ಮೊದಲ ಚಿತ್ರವನ್ನೂ ಕೊನೆಯ ಚಿತ್ರವನ್ನೂ ಬೆಳಕಿಗೆ ಹಿಡಿದು ನೋಡುವುದು, ಎರಡರಲ್ಲೂ ನಾಯಕ ನಾಯಕಿ ಇರದಿದ್ದರೆ ಕಚಕ್ಕೆಂದು ಕತ್ತರಿಸುವುದು. ನಡುವೆ ಏನಿದೆಯೆಂದು ನೋಡಲು ಪುರಸೊತ್ತೆಲ್ಲಿ? ಡಬ್ಬಿ ರಾಯಚೂರು ಬಸ್ಸಿನಲ್ಲಿ ಬಂದಿಳಿಯುವಾಗಲೇ ಮಧ್ಯಾಹ್ನ. ಪ್ರಿಂಟ್ ಮರಳಿಸುವ ಮೊದಲು ತುಂಡುಗಳನ್ನು ಮತ್ತೆ ಅಂಟಿಸಿಡಬೇಕೆಂಬುದು ರಿವಾಜು. ನನ್ನ ಅಂಟು ಗುರುತೇ ಸಿಗುತ್ತಿರಲಿಲ್ಲ. ಅದರ ಜಂಬವೂ ಇತ್ತು ನನಗೆ, ಸುಳ್ಳೇಕೆ.

ನನ್ನ ಅವ್ವ ದೇವದುರ್ಗದ ಹತ್ತಿರ ಅರಕೇರಾದಲ್ಲಿ ಕೂಲಿ ಮಾಡಿಕೊಂಡಿದ್ದಳು. ಎಳೆಯದರಲ್ಲಿ ಸಿಡುಬು ಬಂದು ಮುಖದ ತುಂಬ ಕಲೆ. ಅದಕ್ಕೇ ಅವಳು ಜನ್ಮದಲ್ಲಿ ಫೋಟೊ ತೆಗೆಸಿಕೊಂಡವಳಲ್ಲ, ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಳ್ಳುತ್ತಿದ್ದಳು. ಎಪ್ಪತ್ತರ ದಶಕದ ಕೊನೆಗೆ ಆ ಕಡೆಯ ಕಲ್ಲುಭೂಮಿಗೆ ಶೂಟಿಂಗಿನವರು ಬಂದರು. ಸಾಲಾಗಿ ನಿಲ್ಲಿಸಿದ ಹೆಂಗಸರಲ್ಲಿ ಅವ್ವನನ್ನೇ ಆರಿಸಿ, "ಈ ಮುಖ ಬೇಕು" ಎಂದರಂತೆ. ನಾಯಕಿಗೆ ಕೊಡದಿಂದ ನೀರು ಹನಿಸಿ "ಕುಡಿಯವ್ವಾ" ಎನ್ನುವುದಷ್ಟೇ ಅವಳ ಪಾತ್ರ. ಕೊಡ ನಮ್ಮ ಮನೆಯದೇ, ಹೊಟ್ಟೆಗೆ ನಗ್ಗು ಬಿದ್ದ ತಾಮ್ರದ ಕೊಡ.

ಅವ್ವ ಅದನ್ನು ನೂರು ಸಲ ಹೇಳಿದ್ದಾಳೆ. "ನೀರು ಕುಡದಾಕಿ ಹೀರೋಯಿನ್ ಅಲ್ಲೇ ಅಲ್ಲಪಾ! ಆಕಿ ಕಾರಿನಾಗ ಕುಂತಿದ್ದಳು. ಆಕಿ ಸೀರಿ ಉಟ್ಟ ಬ್ಯಾರೆ ಹುಡುಗಿ, ಬರೇ ಬೆನ್ನು ತೋರಸಿದ್ರು. ಮಾರಿ ನಂದೇ!" ಹೋಗುವಾಗ ಚಂದ ಕಂಡಿತೆಂದು ಕೊಡವನ್ನೂ ಕೇಳಿ ಒಯ್ದರು. ಸಿನಿಮಾದ ಹೆಸರನ್ನು ಅವ್ವ ಕೇಳಲಿಲ್ಲ, ಅವರು ಹೇಳಲಿಲ್ಲ.

ಎರಡು ಮೂರು ವರ್ಷ ಕಳೆದ ಮೇಲೆ ಒಂದು ಸಂಜೆ ಅವ್ವ, ಅರಕೇರಾದ ಇಬ್ಬರು ಹೆಂಗಸರನ್ನು ಕಟ್ಟಿಕೊಂಡು ನಮ್ಮ ಟೆಂಟಿನ ಮುಂದೆ ಬಂದು ನಿಂತಿದ್ದಳು. ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಪೋಸ್ಟರ್ ನೋಡಿದ್ದಳು. ಅದರಲ್ಲಿ ನಾಯಕಿಯ ಸೊಂಟದ ಮೇಲೆ ನಗ್ಗು ಬಿದ್ದ ನಮ್ಮ ಕೊಡ! ದಿನಾ ಕಣ್ಣೆದುರಿಗಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ.

"ಇದರಾಗ ನಾನು ಅದೀನಿ ನೋಡಪಾ" ಎಂದಳು. ತಲೆಗೆ ಎಣ್ಣೆ ಹಚ್ಚಿ, ಹಬ್ಬದ ಇಳಕಲ್ ಸೀರೆ ಉಟ್ಟಿದ್ದಳು. ಆಗಲೇ ಆಟ ಶುರುವಾಗುವ ಹೊತ್ತು. ಅವರನ್ನು ಮುಂದೆ ಕೂರಿಸಿ ಓಡಿದೆ. ಖುಷಿಯಲ್ಲಿ ನನಗೆ ಬೇರೇನೂ ಹೊಳೆಯಲಿಲ್ಲ.

ಹಾಡಿನಲ್ಲಿ ಕೊಡ ಬಂತು. "ನಿನ್ನ ಕೊಡ ಬೇ!" ಎಂದು ಜೊತೆಯ ಹೆಂಗಸು ಕೂಗಿದ್ದು ಕ್ಯಾಬಿನ್ನಿಗೆ ಕೇಳಿಸಿತು. ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಆಮೇಲೆ ಪರದೆಯ ಮೇಲೆ ಕಲ್ಲುಭೂಮಿ ಕಂಡಿತು, ಕಂಡಷ್ಟೇ ಬೇಗ ಹೋಯಿತು. ನಾಯಕ ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದ. ಹಿಂದಿನ ದಿನ ಬೆಳಕಿಗೆ ಹಿಡಿದಿದ್ದ ತುಂಡು ಅದೇ. ಮೊದಲಿಗೆ ಬರೀ ಕಲ್ಲುಭೂಮಿ, ಕೊನೆಗೆ ಯಾವುದೋ ಹೆಂಗಸಿನ ಬೆನ್ನು. ನಡುವೆ ನನ್ನ ಅವ್ವ ಇದ್ದಳು.

ಆಟ ಬಿಟ್ಟ ಮೇಲೆ ಅವ್ವ ನನ್ನ ಮುಖ ನೋಡಲಿಲ್ಲ. "ಕೊಡ ಬಂತು, ನಾ ಬರಲಿಲ್ಲ. ನನ್ನ ಮಾರಿ ಅವರಿಗೆ ಸೇರಲಿಲ್ಲ ಕಾಣಸ್ತದ" ಎಂದಳು.

ನಾನು ಏನು ಹೇಳಿದೆ? "ಅದನ್ನೆಲ್ಲಾ ಮದ್ರಾಸಿನಾಗ ಕತ್ತರಸ್ತಾರ ಯವ್ವಾ, ನಮ್ಮ ಕೈಯಾಗ ಏನದ?" ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಮರುದಿನವೇ ಅಂಟಿಸಿ ತೋರಿಸಬಹುದಿತ್ತು. ಅವಳು ಎರಡು ದಿನ ಇರುತ್ತೇನೆಂದು ಬಾಯಿಬಿಟ್ಟು ಕೇಳಿದಳು. ಆದರೆ ನಿನ್ನೆ ಇಲ್ಲದ್ದು ಇವತ್ತು ಎಲ್ಲಿಂದ ಬಂತೆಂದು ಕೇಳಿದರೆ? ಬೆಳಗಿನ ಬಸ್ಸಿಗೇ ಹತ್ತಿಸಿ ಕಳಿಸಿದೆ. ಪ್ರಿಂಟ್ ಮರಳಿಸುವಾಗ ಉಳಿದ ತುಂಡುಗಳನ್ನೆಲ್ಲ ಅಂಟಿಸಿದೆ. ಅವ್ವನದನ್ನು ಮಾತ್ರ ಬಿಸ್ಕೀಟಿನ ಡಬ್ಬಿಯಲ್ಲಿ ಬಚ್ಚಿಟ್ಟೆ. ಆ ಪ್ರಿಂಟ್ ಮುಂದೆ ಯಾವ ಊರಿಗೆ ಹೋದರೂ ಅವಳಿಲ್ಲದೆಯೇ ಹೋಯಿತು. ಇಂಥ ಹೇಡಿತನಕ್ಕೆ ಪ್ರೀತಿಯೆಂಬ ಹೆಸರು ಕೊಟ್ಟುಕೊಂಡು ಎಷ್ಟೋ ದಿನ ನೆಮ್ಮದಿಯಾಗಿದ್ದೆ. ಅವ್ವ ಮಾತ್ರ ನನ್ನ ಮುಂದೆ ಶೂಟಿಂಗಿನ ಕಥೆ ಹೇಳುವುದನ್ನೇ ಬಿಟ್ಟಳು. ಸೆರಗು ಮತ್ತೆ ಮುಖಕ್ಕೆ ಬಂತು.

ಎಂಬತ್ತರ ದಶಕ ಮುಗಿಯುವ ಮೊದಲೇ ಅವಳು ತೀರಿಕೊಂಡಳು. ಸುದ್ದಿ ತಿಳಿದು ಅರಕೇರಾಕ್ಕೆ ಹೊರಟಾಗ ಆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಿದ್ದೆ. ಯಾಕೆಂದು ನನಗೂ ಗೊತ್ತಿರಲಿಲ್ಲ. ಹೆಣದ ಮಗ್ಗುಲಲ್ಲಿ ಕೂತಿದ್ದವರಲ್ಲಿ ಯಾರೋ, "ಒಂದು ಫೋಟೊ ಆದರೂ ಐತೇನಪಾ, ಮುಂದ ಗೋಡಿಗೆ ಹಾಕಾಕ?" ಎಂದು ಕೇಳಿದರು.

ನನಗಿಂತ ಮುಂಚೆ, ಅಂದು ಟೆಂಟಿಗೆ ಬಂದಿದ್ದ ಹೆಂಗಸೇ ಉತ್ತರ ಕೊಟ್ಟಳು. "ಎಲ್ಲಿ ಫೋಟೊ? ಸಿನಿಮಾದವರು ಒಂದು ಹಿಡದಿದ್ರು, ಮದ್ರಾಸಿನವರು ತೆಗದು ಒಗದ್ರು. ಯಾವಾಗಲೂ ಅಂತಿದ್ದಳು, ನನ್ನ ಮಗನ ಕೈಯಾಗ ಇದ್ದಿದ್ದರ ಅಂವ ನನ್ನ ಉಳಿಸಿಕೊಂತಿದ್ದ ಅಂತ."

ಎಲ್ಲರೂ ನನ್ನ ಕಡೆ ನೋಡಿದರು. ಫೋಟೊ ಇಲ್ಲ ಎಂದೆ. ಚೀಲವನ್ನು ಕಾಲಿನಿಂದ ಹಿಂದಕ್ಕೆ ಸರಿಸಿಕೊಂಡೆ.